ಕೂಲಂಟ್ ಸೋರಿಕೆ ಹುಡುಕಲು ಕೈಪಂಪಿನ ಪ್ರೆಶರ್ ಟೆಸ್ಟರ್: ಹಳೆಯ ಕಾರಿನ ಮೇಲೆ ಬಳಸಿ ನೋಡಿದ ಅನುಭವ

ಕಾರಿನ ಕೆಳಗೆ ಹಸಿರು ಅಥವಾ ಕೆಂಪು ಕಲೆ ಬಿಟ್ಟುಹೋಗುವ ಕೂಲಂಟ್ (ಎಂಜಿನ್ ತಣಿಸುವ ದ್ರವ) ಸೋರಿಕೆಯನ್ನು ಗ್ಯಾರೇಜಿಗೆ ನಿನ್ನೆ ಸೇರಿದ ಹುಡುಗನೂ ತೋರಿಸಬಲ್ಲ. ಕಷ್ಟವಿರುವುದು ಕಾಣದ ಸೋರಿಕೆಯಲ್ಲಿ. ನೆಲ ಒಣಗಿಯೇ ಇರುತ್ತದೆ, ಟೆಂಪರೇಚರ್ ಮುಳ್ಳು ಮಧ್ಯದಿಂದ ಕದಲುವುದಿಲ್ಲ, ಆದರೂ ಕೂಲಂಟ್ ಬಾಟಲಿಯ ಮಟ್ಟ ಮಾತ್ರ ದಿನೇ ದಿನೇ ಕೆಳಗಿನ ಗೆರೆಯತ್ತ ಇಳಿಯುತ್ತಿರುತ್ತದೆ. 2008ರ ಮಾದರಿಯ ನಮ್ಮ ಡೀಸೆಲ್ ಹ್ಯಾಚ್‌ಬ್ಯಾಕ್ ಹೀಗೆಯೇ ಬಹುಕಾಲ ಸತಾಯಿಸಿತು. ಹಾಸನದೊಳಗಿನ ಓಡಾಟಕ್ಕೆ ಇದರಿಂದ ದೊಡ್ಡ ತೊಂದರೆಯಿರಲಿಲ್ಲ. ಆದರೆ ಮಂಗಳೂರಿನಿಂದ ಹಿಂದಿರುಗುವಾಗ ನಾಲ್ಕು ಜನರನ್ನು ಕೂರಿಸಿಕೊಂಡು, ಎ.ಸಿ. ಹಾಕಿಕೊಂಡು, ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ಶಿರಾಡಿ ಘಾಟಿ ಹತ್ತುವಾಗ ಕಣ್ಣು ರಸ್ತೆಗಿಂತ ಹೆಚ್ಚಾಗಿ ಆ ಮುಳ್ಳಿನ ಮೇಲೆಯೇ ಇರುತ್ತಿತ್ತು.

ಒಂದು ಗ್ಯಾರೇಜಿನಲ್ಲಿ ಕ್ಯಾಪ್ ಬದಲಿಸಿದರು, ಇನ್ನೊಂದರಲ್ಲಿ ಹೋಸ್ ಪೈಪುಗಳ ಕ್ಲಿಪ್‌ಗಳನ್ನೆಲ್ಲ ಬಿಗಿ ಮಾಡಿದರು, ಮತ್ತೊಂದರಲ್ಲಿ “ಹೆಡ್ ಗ್ಯಾಸ್ಕೆಟ್ ಇರಬೇಕು ಸಾರ್, ಇಳಿಸಿ ನೋಡೋಣ” ಎಂದರು. ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲ್ ಅದು; ಹೆಡ್ ಇಳಿಸಿ ನೋಡುವ ಖರ್ಚು ಕಾರಿನ ಈಗಿನ ಬೆಲೆಯ ಎಷ್ಟನೇ ಪಾಲು ಎಂದು ಲೆಕ್ಕ ಹಾಕಿದ ಮೇಲೆ, ಆನ್‌ಲೈನಿನಲ್ಲಿ ಸಿಗುವ ಕೂಲಿಂಗ್ ಸಿಸ್ಟಮ್ ಪ್ರೆಶರ್ ಟೆಸ್ಟರ್ ಕಿಟ್ ಒಂದನ್ನು ತರಿಸಿಕೊಂಡೆ. ಯಾವ ದೊಡ್ಡ ಕಂಪನಿಯ ಮುದ್ರೆಯೂ ಇಲ್ಲದ, ಹಲವು ಹೆಸರುಗಳಲ್ಲಿ ಒಂದೇ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಬರುವ ಸರಕು ಇದು. ನಾನು ಕೊಟ್ಟದ್ದು ಸುಮಾರು 3,500 ರೂಪಾಯಿ.

ಪೆಟ್ಟಿಗೆಯಲ್ಲಿ ಗೇಜ್ ಕೂರಿಸಿದ ಕೈಪಂಪು, ಒಂದು ರಬ್ಬರ್ ಹೋಸ್, ಬೇರೆ ಬೇರೆ ಕಾರುಗಳ ರೇಡಿಯೇಟರ್ ಅಥವಾ ಬಾಟಲಿಯ ಬಾಯಿಗೆ ಕೂರುವ ಬಣ್ಣಬಣ್ಣದ ಅಡಾಪ್ಟರ್ ಮುಚ್ಚಳಗಳು, ಮತ್ತು ಕಾರಿನ ಮೂಲ ಕ್ಯಾಪನ್ನೇ ಪರೀಕ್ಷಿಸಲು ಬೇಕಾದ ಜೋಡಣೆ ಇರುತ್ತವೆ. ಅಡಾಪ್ಟರುಗಳ ಸಂಖ್ಯೆ ನೋಡಿ ಮಾರುಹೋಗಬೇಕಿಲ್ಲ. ಅವುಗಳಲ್ಲಿ ಬಹುಪಾಲು ನಮ್ಮ ರಸ್ತೆಗಳಲ್ಲಿ ಅಪರೂಪವಾದ ಯುರೋಪಿನ ಕಾರುಗಳಿಗೆ ಹೊಂದುವಂಥವು. ನಿಮ್ಮ ಕಾರಿನದು ಕಿವಿ ತಿರುಗಿಸಿ ಕೂರಿಸುವ ಹಳೆಯ ಬಗೆಯ ಲೋಹದ ಕ್ಯಾಪೋ, ತಿರುಪಿನ ಸುತ್ತುಗಳಿರುವ ಪ್ಲಾಸ್ಟಿಕ್ ಕ್ಯಾಪೋ ಎಂಬುದನ್ನು ಮೊದಲೇ ನೋಡಿಕೊಂಡು, ಬಾಯಿಯ ಅಳತೆ ತೆಗೆದುಕೊಂಡು, ಅದಕ್ಕೆ ಸರಿಹೋಗುವ ಅಡಾಪ್ಟರ್ ಕಿಟ್‌ನಲ್ಲಿದೆಯೇ ಎಂದು ಖಚಿತಪಡಿಸಿಕೊಂಡೇ ಕೊಳ್ಳುವುದು ಒಳ್ಳೆಯದು.

ಉಪಕರಣದ ತತ್ತ್ವ ಸರಳ. ರೇಡಿಯೇಟರ್ ಕ್ಯಾಪ್ ಬರೀ ಮುಚ್ಚಳವಲ್ಲ; ಕುಕ್ಕರಿನ ವೆಯ್ಟಿನಂತೆ ಒಳಗಿನ ಒತ್ತಡವನ್ನು ಒಂದು ಮಿತಿಯವರೆಗೆ ಹಿಡಿದಿಡುವುದು ಅದರ ಕೆಲಸ. ಅದರ ಮೇಲೆ 0.9 ಅಥವಾ 1.1 ಎಂದು ಮುದ್ರಿಸಿರುವ ಅಂಕಿ ಆ ಮಿತಿಯನ್ನು ಬಾರ್ ಲೆಕ್ಕದಲ್ಲಿ ಹೇಳುತ್ತದೆ. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು 1.1 ಬಾರ್ ಹೆಚ್ಚುವರಿ ಒತ್ತಡದಲ್ಲಿ ಸುಮಾರು 120 ಡಿಗ್ರಿಯವರೆಗೆ ಕುದಿಯದೆ ಉಳಿಯುತ್ತದೆ. ಕೂಲಂಟಿನ ಮುಖ್ಯ ಅಂಶವಾದ ಎಥಿಲೀನ್ ಗ್ಲೈಕಾಲ್ ಬೆರೆತಿದ್ದರೆ ಇನ್ನೂ ಕೆಲವು ಡಿಗ್ರಿ ಮೇಲಕ್ಕೆ ಹೋಗುತ್ತದೆ. ಹಾಗಾಗಿ ಸಣ್ಣ ಸೋರಿಕೆಯಿಂದ ಆಗುವ ನಷ್ಟ ಕೆಲವು ಹನಿ ಕೂಲಂಟ್ ಮಾತ್ರವಲ್ಲ. ಒತ್ತಡ ನಿಲ್ಲದಿದ್ದರೆ ಘಾಟಿಯ ಏರಿನಲ್ಲಿ ಕೂಲಂಟ್ ಬೇಗ ಕುದಿಯತೊಡಗುತ್ತದೆ. ಟೆಸ್ಟರ್ ಮಾಡುವುದಿಷ್ಟೇ: ಕ್ಯಾಪ್ ತೆಗೆದು ಅಡಾಪ್ಟರ್ ಕೂರಿಸಿ, ಎಂಜಿನ್ ತಣ್ಣಗಿರುವಾಗಲೇ ಅದೇ ಒತ್ತಡವನ್ನು ಕೈಯಿಂದ ತುಂಬಿ, ಗೇಜಿನ ಮುಳ್ಳು ನಿಲ್ಲುತ್ತದೆಯೋ ಇಳಿಯುತ್ತದೆಯೋ ಎಂದು ತೋರಿಸುವುದು. ಬಿಸಿ ಎಂಜಿನ್ನಿನ ಕ್ಯಾಪ್ ತೆಗೆದರೆ ಕುದಿಯುವ ಕೂಲಂಟ್ ಮುಖಕ್ಕೇ ಚಿಮ್ಮುತ್ತದೆ. ರಾತ್ರಿಯಿಡೀ ನಿಂತ ಕಾರಿನ ಮೇಲೆ ಬೆಳಿಗ್ಗೆ ಪರೀಕ್ಷೆ ಮಾಡುವುದಕ್ಕೆ ಅದೊಂದೇ ಕಾರಣ ಸಾಕು.

ಆದರೆ ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ, ಮತ್ತು ಈ ಉಪಕರಣದ ನಿಜವಾದ ಬೆಲೆ ಇರುವುದು ಅಲ್ಲಿಯೇ. ಹಳೆಯ ಕಾರುಗಳ ಎಷ್ಟೋ ಸೋರಿಕೆಗಳು ತಣ್ಣಗಿರುವಾಗ ಮಾತ್ರ ಸೋರುತ್ತವೆ. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದು ಗಟ್ಟಿಯಾದ ರಬ್ಬರ್ ತನ್ನ ಹಿಗ್ಗುವ ಗುಣವನ್ನು ಕಳೆದುಕೊಂಡಿರುತ್ತದೆ. ಎಂಜಿನ್ ತಣಿದು ಲೋಹ ಕುಗ್ಗಿದಾಗ ಸಂದಿ ತೆರೆಯುತ್ತದೆ, ಬಿಸಿಯೇರಿದಾಗ ತಾನೇ ಮುಚ್ಚಿಕೊಳ್ಳುತ್ತದೆ. ಎಂಜಿನ್ ಓಡಿಸಿ, ಬಾನೆಟ್ ಎತ್ತಿ, ಟಾರ್ಚ್ ಹಿಡಿದು ಹುಡುಕುವ ಮೆಕ್ಯಾನಿಕ್‌ಗೆ ಏನೂ ಕಾಣದಿರುವುದು ಅವನ ಅಸಡ್ಡೆಯಿಂದಲೇ ಆಗಬೇಕೆಂದಿಲ್ಲ. ಅಲ್ಪಸ್ವಲ್ಪ ಜಿನುಗಿದ್ದೂ ಬಿಸಿ ಬ್ಲಾಕಿನ ಮೇಲೆ ಆವಿಯಾಗಿ, ತೆಳುವಾದ ಕಲೆಯನ್ನಷ್ಟೇ ಉಳಿಸಿರುತ್ತದೆ.

ನಮ್ಮ ಕಾರಿನಲ್ಲಿ 1.1 ಬಾರ್‌ಗೆ ಏರಿಸಿ ಬಿಟ್ಟ ಮುಳ್ಳು ಕಾಲು ಗಂಟೆಯಲ್ಲಿ 0.8ರ ಹತ್ತಿರಕ್ಕೆ ಇಳಿಯಿತು. ರೇಡಿಯೇಟರ್ ಒಣಗಿತ್ತು. ಮೇಲಿನ, ಕೆಳಗಿನ ಹೋಸ್‌ಗಳೂ ಒಣಗಿದ್ದವು. ವಾಟರ್ ಪಂಪಿನ ಒಳಗಿನ ಸೀಲ್ ಹೋದಾಗ ಕೂಲಂಟ್ ಹೊರಬರಲೆಂದೇ ಬಿಟ್ಟಿರುವ ಸಣ್ಣ ತೂತಿನ ಬಳಿಯೂ ಗುರುತಿರಲಿಲ್ಲ. ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಎತ್ತಿ ನೋಡಿದಾಗ ತೇವವಾಗಲಿ, ಕೂಲಂಟಿನ ಸಿಹಿ ವಾಸನೆಯಾಗಲಿ ಇರಲಿಲ್ಲವಾದ್ದರಿಂದ ಡ್ಯಾಶ್‌ಬೋರ್ಡಿನೊಳಗಿನ ಹೀಟರ್ ಕೋರ್ (ಬಿಸಿ ಕೂಲಂಟ್ ಹರಿದು ಕಾರಿನೊಳಗೆ ಬೆಚ್ಚಗಿನ ಗಾಳಿ ಕೊಡುವ ಭಾಗ) ಮೇಲಿನ ಅನುಮಾನವೂ ಹೋಯಿತು. ಒತ್ತಡವನ್ನು ಮತ್ತೆ ಏರಿಸಿ, ಸಣ್ಣ ಕನ್ನಡಿಯನ್ನು ಎಂಜಿನ್ನಿನ ಹಿಂಬದಿಗೆ ಇಳಿಸಿದಾಗ ವಿಷಯ ತಿಳಿಯಿತು: ಹೀಟರಿನಿಂದ ವಾಟರ್ ಪಂಪಿಗೆ ಕೂಲಂಟ್ ಮರಳಿ ತರುವ ಉಕ್ಕಿನ ಪೈಪು ಪಂಪಿನೊಳಗೆ ಕೂರುವ ಜಾಗದಲ್ಲಿ, ಸಂದಿ ಮುಚ್ಚುವ ರಬ್ಬರ್ ಬಳೆಯಾದ ಒಂದು ಓ-ರಿಂಗ್‌ನ ಸುತ್ತ ಹನಿ ಕಟ್ಟುತ್ತಿತ್ತು. ಆ ಹನಿ ಗೇರ್‌ಬಾಕ್ಸಿನ ಮೇಲಿನ ತಗ್ಗಿನಲ್ಲಿ ನಿಂತು ಅಲ್ಲಿಯೇ ಒಣಗುತ್ತಿದ್ದುದರಿಂದ ನೆಲಕ್ಕೆ ಬೀಳುವ ಪ್ರಮೇಯವೇ ಇರಲಿಲ್ಲ. ಓ-ರಿಂಗ್‌ನ ಬೆಲೆ ಕಾಫಿ ತಿಂಡಿಯ ಬಿಲ್ಲಿಗಿಂತ ಕಡಿಮೆ. ಅದನ್ನು ತಲುಪುವ ಕೂಲಿ ಬೇರೆ ಮಾತು. ಆದರೂ ಹೆಡ್ ಇಳಿಸುವ ಖರ್ಚಿನ ಹತ್ತಿರಕ್ಕೂ ಅದು ಬರಲಿಲ್ಲ. ಪೈಪಿನ ತುದಿಯಲ್ಲಿ ತುಕ್ಕು ಹಿಡಿದು ಗುಳಿ ಬಿದ್ದಿದ್ದರಿಂದ ಪೈಪನ್ನೂ ಬದಲಿಸಬೇಕಾಯಿತು. ತುಕ್ಕಿಗೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ: ಸೋರಿದ ಪ್ರತಿ ಸಲವೂ ಬೋರ್‌ವೆಲ್ ನೀರು ಸುರಿದು ಮಟ್ಟ ಸರಿಮಾಡುವ ನಮ್ಮ ಸೀಮೆಯ ರೂಢಿ ಕೂಲಂಟಿನ ತುಕ್ಕುನಿರೋಧಕ ಅಂಶವನ್ನು ತೆಳುವಾಗಿಸುತ್ತದೆ ಮತ್ತು ಗಡಸು ನೀರಿನ ಸುಣ್ಣವನ್ನು ಒಳಗೆ ಸೇರಿಸುತ್ತದೆ. ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಹಳೆಯ ಡ್ರೈವರುಗಳ ಉಪಾಯ ನಡುದಾರಿಯಲ್ಲಿ ಊರು ತಲುಪಿಸಬಹುದು. ಸೋರುವ ಸಂದಿಯನ್ನು ಮುಚ್ಚುವ ವಸ್ತು ಹೀಟರ್ ಕೋರಿನ ಸಣ್ಣ ಕೊಳವೆಗಳನ್ನು ಬಿಟ್ಟು ಹೋಗುತ್ತದೆಂದು ನಂಬಲು ಕಾರಣವಿಲ್ಲ. ಅಂಗಡಿಯಲ್ಲಿ ಸಿಗುವ ಲೀಕ್-ಸ್ಟಾಪ್ ಡಬ್ಬಿಗಳ ಬಗ್ಗೆಯೂ ನನಗೆ ಅದೇ ಅಭಿಪ್ರಾಯ.

ಇನ್ನು ಉಪಕರಣದ ದೋಷಗಳು. ಅಡಾಪ್ಟರುಗಳ ರಬ್ಬರ್ ವಾಷರ್ ತೀರಾ ಸಾಧಾರಣವಾದದ್ದು. ಅದೇ ಸೋರಿದರೆ ಕಾರಿನಲ್ಲಿಲ್ಲದ ರೋಗವನ್ನು ಗೇಜು ತೋರಿಸುತ್ತದೆ. ಆದ್ದರಿಂದ ಮುಳ್ಳು ಇಳಿದ ಕೂಡಲೇ ಅಡಾಪ್ಟರ್, ಹೋಸ್ ಮತ್ತು ಪಂಪಿನ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಬೇಕು. ನಮ್ಮ ಕಿಟ್‌ನಲ್ಲಿ ಒಂದು ಜೋಡಣೆಯಿಂದ ಗುಳ್ಳೆ ಬಂದಿತು. ಟೆಫ್ಲಾನ್ ಟೇಪ್ ಸುತ್ತಿದ ಮೇಲೆ ನಿಂತಿತು. ಗೇಜಿನ ಅಂಕಿಗಳು ಅಗತ್ಯಕ್ಕಿಂತ ತುಂಬಾ ಮೇಲಿನವರೆಗೆ ಇರುವುದರಿಂದ ನಮಗೆ ಬೇಕಾದ 1 ಬಾರ್ ಸುತ್ತಲಿನ ಭಾಗ ಇಕ್ಕಟ್ಟಾಗಿದೆ, ಸಣ್ಣ ಇಳಿತ ಗುರುತಿಸಲು ಕಣ್ಣು ಕಿರಿದು ಮಾಡಬೇಕು. ಜೊತೆಗಿರುವ ಕೈಪಿಡಿಯ ಹಾಳೆ ಓದುವ ಯೋಗ್ಯತೆಯದಲ್ಲ, ಮತ್ತು ಕ್ಯಾಪಿನ ಮೇಲಿನ ಅಂಕಿಯನ್ನು ಮೀರಿ ಪಂಪು ಮಾಡಬಾರದೆಂಬ ಅತಿ ಮುಖ್ಯವಾದ ಎಚ್ಚರಿಕೆ ಅದರಲ್ಲಿ ಎದ್ದು ಕಾಣುವುದಿಲ್ಲ. ಹಳೆಯ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಹೆಚ್ಚಿನ ಒತ್ತಡಕ್ಕೆ ಬಿರಿದರೆ ಒಂದು ಸೋರಿಕೆ ಹುಡುಕಲು ಹೋಗಿ ಇನ್ನೊಂದನ್ನು ಮಾಡಿಕೊಂಡಂತಾಗುತ್ತದೆ.

ಹೆಡ್ ಗ್ಯಾಸ್ಕೆಟ್ ಕುರಿತು ಈ ಉಪಕರಣ ಕೊನೆಯ ಮಾತು ಹೇಳಲಾರದು. ಒತ್ತಡ ಇಳಿಯುತ್ತಿದ್ದು ಹೊರಗೆಲ್ಲೂ ಹನಿ ಕಾಣದಿದ್ದರೆ ಅನುಮಾನ ಗಟ್ಟಿಯಾಗುತ್ತದೆ, ಅಷ್ಟೇ. ಬಿಸಿಯಾದಾಗ ಮಾತ್ರ ತೆರೆಯುವ ಬಿರುಕು ತಣ್ಣನೆಯ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳಲೂಬಹುದು. ಅದಕ್ಕೆ ಬೇರೆ ಪರೀಕ್ಷೆ ಇದೆ: ಎಂಜಿನ್ ಓಡುತ್ತಿರುವಾಗ ರೇಡಿಯೇಟರಿನ ಬಾಯಿಯಿಂದ ಏಳುವ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸುವುದು. ಹೊಗೆಯ ಇಂಗಾಲದ ಡೈಆಕ್ಸೈಡ್ ಕೂಲಂಟಿಗೆ ಸೇರುತ್ತಿದ್ದರೆ ದ್ರಾವಣ ಹಸಿರಿಗೆ ಅಥವಾ ಹಳದಿಗೆ ತಿರುಗುತ್ತದೆ. ಹೆಡ್ ಇಳಿಸುವ ಮಾತಾಡುವ ಗ್ಯಾರೇಜನ್ನು ಈ ಪರೀಕ್ಷೆ ಮಾಡಿದ್ದೀರಾ ಎಂದು ಕೇಳುವುದು ಮಾಲೀಕರ ಹಕ್ಕು.

ಒಂದೇ ಕಾರಿಗಾಗಿ, ಒಂದೇ ಸಲದ ಬಳಕೆಗೆಂದು 3,500 ರೂಪಾಯಿ ಕೊಡುವುದು ದುಬಾರಿ ಎನಿಸಿದರೆ, ಟೆಸ್ಟರ್ ಇಟ್ಟುಕೊಂಡಿರುವ ಗ್ಯಾರೇಜನ್ನು ವಿಚಾರಿಸಿ, ಕಾರನ್ನು ಹಿಂದಿನ ರಾತ್ರಿಯೇ ಅಲ್ಲಿ ಬಿಟ್ಟು, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ಪರೀಕ್ಷಿಸಲು ಹೇಳಬಹುದು. ಮನೆಯಲ್ಲಿ ಹತ್ತು ವರ್ಷ ದಾಟಿದ ಎರಡು ಕಾರುಗಳಿರುವವರಿಗೆ, ಅಥವಾ ಸಣ್ಣ ಗ್ಯಾರೇಜ್ ನಡೆಸುವವರಿಗೆ, ಇದರ ಒರಟುತನವನ್ನು ಸಹಿಸಿಕೊಂಡೂ ಕೊಳ್ಳಿ ಎಂದೇ ಹೇಳುತ್ತೇನೆ. ಪರೀಕ್ಷೆಯ ವೇಳೆ ಹೊರಬಂದ ಕೂಲಂಟನ್ನು ಮಾತ್ರ ತಟ್ಟೆಯಲ್ಲಿ ಹಿಡಿದು ತೆಗೆದಿಡಬೇಕು. ಸಿಹಿಯಾಗಿರುವ ಗ್ಲೈಕಾಲ್ ಬೀದಿನಾಯಿಗೂ ಮನೆಯ ಮಗುವಿಗೂ ವಿಷ.