ಸ್ಟ್ರಾವಾ ಆಪ್ ರಿವ್ಯೂ: ನಂದಿ ಹತ್ತೋ ಸಾಮಾನ್ಯ ಸೈಕಲಿಸ್ಟ್ ಕಣ್ಣಲ್ಲಿ

ಬೆಂಗಳೂರಲ್ಲಿ ಸೈಕಲ್ ತುಳಿಯೋರ ಫೋನಲ್ಲಿ ಸ್ಟ್ರಾವಾ ಇಲ್ದೇ ಇರೋದು ಕಮ್ಮಿ. 2009ರಲ್ಲಿ ಶುರುವಾದ ಅಮೆರಿಕದ ಆಪ್, ಜಿಪಿಎಸ್ ಹಿಡ್ಕೊಂಡು ಎಲ್ಲೆಲ್ಲಿ ಹೋದ್ರಿ, ಎಷ್ಟು ಹೊತ್ತು ಹಿಡೀತು ಅಂತ ಬರೆದಿಡುತ್ತೆ. ನಾನು ಇದನ್ನ ಜಾಸ್ತಿ ನೋಡೋದು ನಂದಿ ಬೆಟ್ಟಕ್ಕೆ ಹೋದಾಗ, ಸಿಟಿಯಿಂದ ಸುಮಾರು 60 ಕಿಲೋಮೀಟರ್, ತುದಿ 1478 ಮೀಟರ್ ಎತ್ತರ, ಕೊನೇ ತಿರುವುಗಳಲ್ಲಂತೂ ಗೇರ್ ಎಲ್ಲಾ ಇಳಿಸಿದ್ರೂ ತೊಡೆ ಉರಿಯುತ್ತೆ.

ಬೆಟ್ಟದ ಬುಡದಿಂದ ಮೇಲಿನವರೆಗಿನ ರಸ್ತೆ ಥರದ ತುಂಡನ್ನ ಆಪ್ ಸೆಗ್ಮೆಂಟ್ ಅಂತ ಕರೆಯುತ್ತೆ, ಅದನ್ನ ಎಲ್ಲರಿಗಿಂತ ಬೇಗ ಹತ್ತಿದ ಗಂಡಸಿಗೆ ಕೆಒಎಂ (ಕಿಂಗ್ ಆಫ್ ದ ಮೌಂಟನ್, ಬೆಟ್ಟದ ರಾಜ), ಹೆಣ್ಮಕ್ಕಳಲ್ಲಿ ಬೇಗ ಹತ್ತಿದೋರಿಗೆ ಕ್ಯೂಒಎಂ (ಬೆಟ್ಟದ ರಾಣಿ) ಕಿರೀಟ. ಹೊಸಬರು ತಪ್ಪದೇ ನೋಡೋದು ಯಾರು ಎಷ್ಟು ಬೇಗ ಹತ್ತಿದ್ರು ಅನ್ನೋ ಈ ಪಟ್ಟೀನೇ, ಅಂದ್ರೆ ಲೀಡರ್‌ಬೋರ್ಡು. ಅದ್ರಲ್ಲಿ ಮೇಲಿರೋರು ರೇಸ್ ಮಾಡೋರು, ವಾರಪೂರ್ತಿ ಟ್ರೇನಿಂಗು, ಕಾರ್ಬನ್ ಸೈಕಲ್ಲು, ನನಗಿಂತ ಮೈಯೂ ಹಗುರ. ಏರಲ್ಲಿ ಪ್ರತಿ ಕಿಲೋ ತೂಕಕ್ಕೆ ಎಷ್ಟು ವಾಟ್ (ಕಾಲು ಹಾಕೋ ಶಕ್ತಿಯ ಅಳತೆ) ತುಳೀತೀರ ಅನ್ನೋದೇ ಎಲ್ಲಾ ನಿರ್ಧಾರ ಮಾಡೋದು, ಸಂಸಾರ ಆಫೀಸು ನೋಡ್ಕೊಂಡು ಭಾನುವಾರ ಬರೋ ನಲವತ್ತು ದಾಟಿದೋರು ಆ ಪಟ್ಟಿ ನೋಡಿ ಬೇಜಾರಾಗೋದ್ರಲ್ಲಿ ಅರ್ಥಾನೇ ಇಲ್ಲ. 2020ರಿಂದ ಪೂರ್ತಿ ಪಟ್ಟಿಗೆ ಚಂದಾ ಬೇಕು, ನನ್ನ ಪ್ರಕಾರ ಅದೊಂದಕ್ಕೇ ಅಂತ ದುಡ್ಡು ಕೊಡ್ಬೇಡಿ.

ದುಡ್ಡು ಕೊಟ್ರೆ ನಿಜವಾಗ್ಲೂ ಉಪಯೋಗ ಆಗೋದು ಮ್ಯಾಚ್ಡ್ ರೈಡ್ಸ್. ಒಂದೇ ದಾರೀಲಿ ನೀವು ಮಾಡಿದ ರೈಡುಗಳನ್ನೆಲ್ಲ ಒಟ್ಟಿಗೆ ಹಾಕಿ ತೋರಿಸುತ್ತೆ, ಮಳೆಗಾಲದಲ್ಲಿ ನಿಂತುಹೋಗಿ ಮತ್ತೆ ಶುರು ಮಾಡಿದಾಗ ಎಷ್ಟು ಹಿಂದೆ ಬಿದ್ದಿದೀವಿ, ಯಾವಾಗ ಮೊದಲಿನ ಲಯಕ್ಕೆ ಬಂದ್ವಿ ಅಂತ ಎದ್ದು ಕಾಣುತ್ತೆ. ಜೊತೆಗೆ ಎದೆಗೆ ಕಟ್ಟೋ ಹಾರ್ಟ್ ರೇಟ್ ಪಟ್ಟಿ ಇದ್ರಂತೂ ಇನ್ನೂ ಚೆನ್ನ, ಯಾಕಂದ್ರೆ ಟೈಮ್ ಅಷ್ಟೇ ಇದ್ದು ಹೃದಯದ ಬಡಿತ ಕಮ್ಮಿ ಆಗಿದ್ರೆ ಅದೂ ಸುಧಾರಣೇನೇ, ಆ ಖುಷಿ ಯಾವ ಲೀಡರ್‌ಬೋರ್ಡಲ್ಲೂ ಸಿಗಲ್ಲ. ವಯಸ್ಸಾದಂಗೆ ದೇಹ ಆಮ್ಲಜನಕ ಬಳಸೋ ಶಕ್ತಿ ಇಳೀತಾ ಹೋಗೋದು ಸಹಜ, ಹಾಗಾಗಿ ಹೋದ ವರ್ಷದ ಟೈಮನ್ನೇ ಈ ವರ್ಷಾನೂ ಉಳಿಸ್ಕೊಂಡ್ರೆ ನನಗೆ ಅದು ದೊಡ್ಡ ಸಾಧನೆ, ಎದೆ ತಟ್ಟಿ ಹೇಳ್ತೀನಿ.

ದುಡ್ಡು ಕೊಡದೋರಿಗೂ ಪಿಆರ್ ಅಂದ್ರೆ ನಿಮ್ಮದೇ ಬೆಸ್ಟ್ ಟೈಮಿಗೆ ಪದಕದ ಗುರುತು ಬರುತ್ತೆ, ಶುರುಗೆ ಅಷ್ಟು ಸಾಕು. ಆದ್ರೆ ಎದುರುಗಾಳಿ, ಟ್ರಾಫಿಕ್ ಇದ್ದ ದಿನದ ಟೈಮು ನೋಡಿ ತಲೆ ಕೆಡಿಸ್ಕೋಬೇಡಿ, ಜಿಪಿಎಸ್ ಕೂಡ ಸೆಕೆಂಡುಗಳಷ್ಟು ಹೆಚ್ಚುಕಮ್ಮಿ ಮಾಡುತ್ತೆ.

ಇನ್ನೊಂದು ವಿಷ್ಯ, ಸೆಟ್ಟಿಂಗ್ಸಲ್ಲಿ ರೈಡನ್ನ ನಿಮಗೆ ಮಾತ್ರ ಕಾಣೋ ಥರ ಇಟ್ಕೋಬಹುದು, ಆಗ ಅದು ಲೀಡರ್‌ಬೋರ್ಡಿಗೆ ಹೋಗಲ್ಲ. ಪಟ್ಟಿ ನೋಡಿ ಮನಸ್ಸು ಕುಗ್ಗುತ್ತೆ ಅನ್ನೋರು ಕೆಲವು ತಿಂಗಳು ಹಾಗೇ ಓಡಿಸಿ ನೋಡಿ. ಮನೆ ವಿಳಾಸದ ಸುತ್ತಲಿನ ಮ್ಯಾಪ್ ಮರೆಮಾಡೋ ಆಯ್ಕೇನೂ ಅಲ್ಲೇ ಇದೆ, ಅದನ್ನ ಮೊದಲು ಆನ್ ಮಾಡಿ.