ಅಘನಾಶಿನಿ ಅಳಿವೆಯಲ್ಲಿ ಬೋಟ್ ಬುಕ್ ಮಾಡೋ ಮುಂಚೆ ಇದನ್ನ ಓದಿ

ಬೋಟಿಗೆ ಪೂರ್ತಿ ದುಡ್ಡು ಮೊದಲೇ ಕೊಡಬೇಡಿ. ದಯವಿಟ್ಟು ಕೊಡಬೇಡಿ. ಉತ್ತರ ಕನ್ನಡದಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುವಲ್ಲಿ, ತದಡಿ ಹತ್ತಿರ ನಮಗೆ ಮೋಸವಾಯಿತು, ಸಿಟ್ಟು ಇನ್ನೂ ಇಳಿದಿಲ್ಲ.

"ಎರಡು ಗಂಟೆ ಸುತ್ತಾಟ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಒಳಗೇ ಕರ್ಕೊಂಡು ಹೋಗ್ತೇವೆ, ಹಕ್ಕಿ ಗ್ಯಾರಂಟಿ, ನೀರುನಾಯಿನೂ ಕಾಣಬಹುದು" ಅಂತ ಫೋನಿನಲ್ಲಿ ಹೇಳಿದ್ದರು. ಆರು ಸಾವಿರ, ಪೂರ್ತಿ ಅಡ್ವಾನ್ಸ್. ಆ ಮಾತು ನಂಬಿ ಅಮ್ಮ, ಅಕ್ಕ, ಭಾವ ಎಲ್ಲರನ್ನೂ ಹೊರಡಿಸಿದ್ದೆ. ಸಮಯ ಗೊತ್ತು ಮಾಡಿದ್ದೂ ಅವರೇ. ಹುಣ್ಣಿಮೆ ಮರುದಿನ, ಸಂಜೆ ನಾಲ್ಕೂವರೆ.

ಲೈಫ್ ಜಾಕೆಟ್ ಕೇಳಿ ಕೇಳಿ ಹಾಕಿಸಿಕೊಳ್ಳಬೇಕಾಯಿತು. ಹೊಳೆ ಮಧ್ಯದವರೆಗೆ ಹೋಗಿ ಬೋಟಿನ ಹುಡುಗ ಇಂಜಿನ್ ಆಫ್ ಮಾಡಿದ. ಕಾಂಡ್ಲಾ ಗಿಡಗಳು ದೂರದಲ್ಲೇ ಇದ್ದವು. "ಈಗ ಇಳಿತ ಸರ್, ಒಳಗೆ ಬೋಟ್ ಹೋಗೂದಿಲ್ಲ, ತಳ ತಾಗ್ತದೆ" ಅಂದ. ಹಾಗಾದ್ರೆ ಈ ಹೊತ್ತಿಗೆ ಯಾಕೆ ಬರಹೇಳಿದ್ದು? ಅವನು ತಲೆ ತಗ್ಗಿಸಿದ. ಕೆಸರಿನಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುತ್ತಿದ್ದ ಒಬ್ಬ ಅಮ್ಮ ನಮ್ಮನ್ನು ನೋಡಿ, "ಮಧ್ಯಾಹ್ನ ಭರತ (ಉಬ್ಬರ) ಇತ್ತಲ್ಲ, ಆಗ ಬರೂದಲ್ವಾ?" ಅಂದರು. ಭಾವ ನನ್ನ ಮುಖ ನೋಡಿದರು. ನೀರಿಗೆ ಹಾರಿಬಿಡೋಣ ಅನ್ನಿಸಿತು.

ಬುಕಿಂಗ್ ಮಾಡಿಕೊಂಡಿದ್ದ ಮನುಷ್ಯನಿಗೆ ಫೋನ್ ಮಾಡಿದರೆ ಉತ್ತರ: "ಪ್ರಕೃತಿ ಸರ್, ನಮ್ಮ ಕೈಲಿ ಏನಿದೆ?" ಪ್ರಕೃತಿಯಂತೆ! ಭರತ-ಇಳಿತ ಹೊತ್ತಿಗೆ ಸರಿಯಾಗಿ ಬರುತ್ತೆ. ದಿನಕ್ಕೆರಡು ಸಲ ಭರತ, ಎರಡು ಸಲ ಇಳಿತ, ಪ್ರತಿದಿನ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗಂತೂ ನೀರು ಇನ್ನೂ ಜಾಸ್ತಿ ಇಳಿಯುತ್ತೆ. ಅಲ್ಲಿನ ಮಕ್ಕಳಿಗೂ ಗೊತ್ತಿರೋ ವಿಷಯ ಇದು. ಬೋಟ್ ನಡೆಸಿ ದುಡ್ಡು ಮಾಡುವವರಿಗೆ ಗೊತ್ತಿಲ್ವಾ?

ದುಡ್ಡು ವಾಪಸ್ ಕೇಳಿದೆ. "ಹಕ್ಕಿ ನೋಡಿದ್ರಲ್ಲ ಸರ್?" ಅಂದರು. ನೋಡಿದ್ದು ಏನು ಗೊತ್ತಾ? ಕೆಸರಿನಲ್ಲಿ ಮೇಯುತ್ತಿದ್ದ ಬೆಳ್ಳಕ್ಕಿಗಳ ಪಕ್ಕಕ್ಕೇ ಮತ್ತೆ ಇಂಜಿನ್ ಹಾಕಿ ಬೋಟ್ ನುಗ್ಗಿಸಿ ಎಲ್ಲವನ್ನೂ ಎಬ್ಬಿಸಿದರು, ಫೋಟೋಗೆ! 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದ್ರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಜಾಗ ಅದು. ನಿಲ್ಲಿಸಪ್ಪಾ ಅಂತ ಅಮ್ಮನೇ ಕೂಗಿದರು. ಮುಕ್ಕಾಲು ಗಂಟೆಗೆ ದಡಕ್ಕೆ ತಂದು ಬಿಟ್ಟರು. ಎರಡು ಗಂಟೆ ಅಂದಿದ್ದು! ಆಮೇಲೆ ನನ್ನ ನಂಬರ್ ಬ್ಲಾಕ್.

ಹೋಗುವ ದಿನದ ಭರತದ ಹೊತ್ತು ನೀವೇ ನೋಡಿಕೊಳ್ಳಿ, ಅಥವಾ ಅಲ್ಲಿನ ಮೀನುಗಾರರನ್ನ ಕೇಳಿ. ಕಾಂಡ್ಲಾ ಒಳಗೆ ಹೋಗಬೇಕಾದರೆ ನೀರು ತುಂಬಿರಬೇಕು. ಕೆಸರಿನ ಹಕ್ಕಿ ನೋಡಬೇಕಾದರೆ ಇಳಿತದಲ್ಲಿ, ಅದೂ ದಡದಿಂದ. ಒಂದೇ ಸುತ್ತಿನಲ್ಲಿ ಎರಡೂ ತೋರಿಸ್ತೀವಿ ಅನ್ನುವವರಿಗೆ ಒಂದು ರೂಪಾಯಿನೂ ಕಳಿಸಬೇಡಿ.