ಟಿಕ್ ಟಿಕ್ ಎನ್ನುವ ಹಾರ್ಡ್ ಡಿಸ್ಕನ್ನು ‘ರಿಪೇರಿ’ಗೆ ಕೊಡಬೇಡಿ

ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೈಕೊಟ್ಟಾಗ “ಬ್ಯಾಡ್ ಸೆಕ್ಟರ್ (ಓದಲಾಗದ ಜಾಗ) ತೆಗೆದು ಸರಿಮಾಡಿಕೊಡುತ್ತೇವೆ” ಎನ್ನುವ ಅಂಗಡಿ ಸಿಕ್ಕರೆ, ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು ಅಲ್ಲಿಂದ ಹೊರಟುಬಿಡಿ. ನಮ್ಮ ಭಾವನವರ ಡಿಟಿಪಿ ಅಂಗಡಿಯ ಹಲವು ವರ್ಷಗಳ ಕೆಲಸ ಅಂಥದೊಂದು ಮೇಜಿನ ಮೇಲೆ ಮಣ್ಣುಪಾಲಾಯಿತು.

ಅವರದು ವಿಂಡೋಸ್ ಎಕ್ಸ್‌ಪಿಯ ಯಂತ್ರ. ಪುಟ ಜೋಡಿಸುವ ಪೇಜ್‌ಮೇಕರ್, ಕನ್ನಡದ ನುಡಿ ಫಾಂಟುಗಳು, ಮದುವೆ, ಗೃಹಪ್ರವೇಶ, ವೈಕುಂಠ ಸಮಾರಾಧನೆಯ ಪತ್ರಿಕೆಗಳು. ಇಷ್ಟು ಹಳೆಯದನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದರು ಎಂದು ಕೇಳುವವರು ಡಿಟಿಪಿ ಕೆಲಸ ಕಂಡವರಲ್ಲ. ಅಣ್ಣನ ಮದುವೆಯ ಪತ್ರಿಕೆಯಲ್ಲಿ ಹೆಸರು, ಮುಹೂರ್ತ ಬದಲಿಸಿ ತಮ್ಮನ ಮದುವೆಗೆ ಕೊಡುವುದೇ ಈ ವ್ಯಾಪಾರದ ಜೀವಾಳ. ಆ ಫೈಲುಗಳನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಒತ್ತಕ್ಷರಗಳು ಎಲ್ಲೆಲ್ಲೋ ಹೋಗಿ ಕೂರುತ್ತವೆ.

ಒಂದು ದಿನ ಯಂತ್ರ ಶುರುವಾಗಲಿಲ್ಲ. ಡಿಸ್ಕ್ ಸಿಗುತ್ತಿಲ್ಲ ಎಂಬ ಸಂದೇಶ. ಇಂಥ ಸಂದೇಶ ಬಂದಾಕ್ಷಣ ಡಿಸ್ಕ್ ಸತ್ತಿತು ಎನ್ನಬೇಕಾಗಿಲ್ಲ. ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ ಸಿಆರ್2032 ಸೆಲ್ ಮುಗಿದಿದ್ದರೆ ಬಯೋಸ್, ಅಂದರೆ ಯಂತ್ರವನ್ನು ಮೊದಲು ಎಬ್ಬಿಸುವ ಪ್ರೋಗ್ರಾಂ, ತನ್ನ ಸೆಟ್ಟಿಂಗುಗಳನ್ನೆಲ್ಲ ಮರೆಯುತ್ತದೆ. ಚೆನ್ನಾಗಿರುವ ಡಿಸ್ಕಿನಿಂದಲೂ ವಿಂಡೋಸ್ ಏಳದೆ ಹೋಗಬಹುದು. ತಾರೀಖು ಹಿಂದಕ್ಕೆ ಹೋಗಿದೆಯೇ ಎಂದು ನೋಡಿದರೆ ಗೊತ್ತಾಗುತ್ತದೆ. ಕೇಬಲ್ ಸಡಿಲವಾಗಿದ್ದರೂ ಇದೇ ಕಥೆ. ನಾನು ಸೆಲ್ ಬದಲಿಸಿದೆ, ಬೇರೆ ಕೇಬಲ್ ಹಾಕಿದೆ, ವಿದ್ಯುತ್ತಿನ ಪಿನ್ನನ್ನೂ ಬದಲಿಸಿ ನೋಡಿದೆ. ಬಯೋಸಿನಲ್ಲಿ ಡಿಸ್ಕಿನ ಹೆಸರು ಒಮ್ಮೆ ಕಾಣುತ್ತಿತ್ತು, ಒಮ್ಮೆ ಮಾಯ. ಜೊತೆಗೆ ಒಳಗಿನಿಂದ ಟಿಕ್, ಟಿಕ್. ಓದುವ ಹೆಡ್‌ಗೆ ತಾನು ಎಲ್ಲಿದ್ದೇನೆ ಎಂಬ ಗುರುತು ಸಿಗದೆ ಮತ್ತೆ ಮತ್ತೆ ಮೊದಲ ಜಾಗಕ್ಕೆ ಮರಳುವ ಸದ್ದು ಅದು. ಅದು ಕೇಳಿದರೆ ಕರೆಂಟು ತೆಗೆಯುವುದೊಂದೇ ಸರಿಯಾದ ಕೆಲಸ. ತೆಗೆದೆವು.

ಪೇಟೆಯ ಅಂಗಡಿಯಲ್ಲಿ ಡಿಸ್ಕ್ ಕೊಡುವಾಗ ಭಾವನವರು ಹೇಳಿದ್ದು ಒಂದೇ ಮಾತು: “ಡಿಸ್ಕ್ ಸರಿಯಾಗದಿದ್ದರೂ ಚಿಂತೆಯಿಲ್ಲ, ಒಳಗಿನ ಫೈಲು ಬೇಕು.” “ಆಯಿತು ಸಾರ್, ನಾಳೆ ಬನ್ನಿ” ಎಂದರು.

ಮರುದಿನ ಅಲ್ಲಿದ್ದ ಹುಡುಗ ಹೆಮ್ಮೆಯಿಂದಲೇ ವಿವರಿಸಿದ. ರಾತ್ರಿಯಿಡೀ ವಿಂಡೋಸಿನದೇ ಡಿಸ್ಕ್ ಪರೀಕ್ಷೆಯ ಪ್ರೋಗ್ರಾಂ ಚೆಕ್ ಡಿಸ್ಕ್ ಓಡಿಸಿದ್ದರಂತೆ, ದುರಸ್ತಿಯ ಆಯ್ಕೆಯ ಸಮೇತ. ಸಾಯುತ್ತಿರುವ ಡಿಸ್ಕಿಗೆ ಇದಕ್ಕಿಂತ ಕೆಟ್ಟದ್ದು ಕಡಿಮೆ. ಆ ಪ್ರೋಗ್ರಾಂ ಡಿಸ್ಕಿನ ಮೂಲೆಮೂಲೆಯನ್ನೂ ಓದಿಸುತ್ತದೆ. ಓದಲಾಗದ ಕಡೆ ಡಿಸ್ಕ್ ಪಟ್ಟು ಹಿಡಿದು ಮತ್ತೆ ಮತ್ತೆ ಯತ್ನಿಸುತ್ತದೆ. ಸಾಲದೆಂಬಂತೆ ಅದೇ ಡಿಸ್ಕಿನ ಮೇಲೆ ಬರೆದು ಫೈಲುಗಳ ಪಟ್ಟಿಯನ್ನೇ ತಿದ್ದುತ್ತದೆ. ಅದರ ಉದ್ದೇಶ ವ್ಯವಸ್ಥೆಯನ್ನು ಒಪ್ಪವಾಗಿಸುವುದು, ನಿಮ್ಮ ಪತ್ರಿಕೆ ಉಳಿಸುವುದಲ್ಲ. ಬೆಳಗಿನ ಹೊತ್ತಿಗೆ ಡಿಸ್ಕಿನ ಹೆಸರೇ ಕಾಣದಾದಾಗ, “ಒಳಗೆ ಏನಾಗಿದೆ ನೋಡೋಣ” ಎಂದು ಮುಚ್ಚಳ ಬಿಚ್ಚಿದ್ದರು. ಫ್ಯಾನಿನ ಕೆಳಗೆ, ಚಹಾ ಲೋಟದ ಪಕ್ಕದಲ್ಲಿ.

ಡಿಸ್ಕಿನೊಳಗೆ ಮಾಹಿತಿ ಇರುವ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಹೆಡ್ ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಒಂದು ಕೂದಲಿನ ದಪ್ಪ ಆ ಸಂದಿಯ ಸಾವಿರಾರು ಪಟ್ಟು. ಕೂತ ಧೂಳನ್ನು ಬಟ್ಟೆಯಿಂದ ಒರೆಸಿ, ಮುಚ್ಚಳ ಹಾಕಿ, ಮತ್ತೆ ಚಾಲೂ ಮಾಡಿದ್ದರು. ಬೆಂಗಳೂರಿನ ಡೇಟಾ ರಿಕವರಿ ಲ್ಯಾಬಿನವರು ತೆರೆದು ತೋರಿಸಿದಾಗ ತಟ್ಟೆಯ ಮೇಲೆ ಉಂಗುರದಂತೆ ಗೀರು ಬಿದ್ದಿತ್ತು. ಮಾಹಿತಿ ಇರುವ ಕಾಂತೀಯ ಪದರವೇ ಕೆರೆದುಹೋದ ಮೇಲೆ ಯಾವ ತಂತ್ರಾಂಶವೂ ಅದನ್ನು ಮರಳಿಸದು. ಮುಚ್ಚಳ ತೆಗೆಯದೆ ತಂದಿದ್ದರೆ ಹೆಡ್ ಬದಲಿಸಿ ಪ್ರಯತ್ನಿಸಬಹುದಿತ್ತು ಎಂದರು. ಅದನ್ನು ಕೇಳಿದ ಮೇಲೆ ಭಾವನವರು ಊರು ಮುಟ್ಟುವವರೆಗೆ ಮಾತಾಡಲಿಲ್ಲ.

ಪೇಟೆಯ ಅದೇ ಅಂಗಡಿಯವರು, ಡಿಸ್ಕಿಗೆ ಅಂಟಿಕೊಂಡಿರುವ ಸರ್ಕ್ಯೂಟ್ ಬೋರ್ಡನ್ನು ಕುರಿತು, “ಬೋರ್ಡ್ ಬದಲಿಸಿದ್ದರೆ ಸರಿಹೋಗುತ್ತಿತ್ತು” ಎಂದೂ ಹೇಳಿದರು. ಬಹಳ ಹಳೆಯ ಡಿಸ್ಕುಗಳಿಗೆ ಅದು ನಡೆಯುತ್ತಿತ್ತು. ನಂತರದವುಗಳಲ್ಲಿ ಆಯಾ ಡಿಸ್ಕಿಗಷ್ಟೇ ಹೊಂದುವ ಮಾಹಿತಿ ಬೋರ್ಡಿನ ಚಿಪ್ಪಿನಲ್ಲಿರುತ್ತದೆ. ಅದನ್ನೂ ವರ್ಗಾಯಿಸದಿದ್ದರೆ ಅದೇ ಮಾದರಿಯ ಬೋರ್ಡೂ ಸಾಮಾನ್ಯವಾಗಿ ಕೆಲಸಕ್ಕೆ ಬಾರದು. ಫ್ರಿಜ್ಜಿನಲ್ಲಿಡುವ ಸಲಹೆಯೂ ಬರುತ್ತದೆ. ಹೊರತೆಗೆದಾಗ ಒಳಗೆ ತೇವ ಕಟ್ಟುತ್ತದೆ, ಅಷ್ಟೇ ಲಾಭ.

ಸದ್ದಿಲ್ಲದೆ, ಬರೀ ನಿಧಾನವಾಗಿ ಕೆಡುತ್ತಿರುವ ಡಿಸ್ಕಾದರೆ ದಾರಿಯಿದೆ. ವಿಂಡೋಸಿನ ಬದಲು ಲಿನಕ್ಸ್ ಇರುವ ಪೆನ್ ಡ್ರೈವಿನಿಂದ ಯಂತ್ರ ಚಾಲೂ ಮಾಡಿ, ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕನ್ನು ಇನ್ನೊಂದಕ್ಕೆ ನಕಲು ಮಾಡಬೇಕು. ಅದು ಸುಲಭವಾಗಿ ಓದುವ ಭಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳನ್ನು ಕೊನೆಗೆ ಬಿಡುತ್ತದೆ. ರಿಪೇರಿ ಏನಿದ್ದರೂ ಆ ನಕಲಿನ ಮೇಲೆ. ಎಕ್ಸ್‌ಪಿ ತಾನಾಗಿಯೇ ಡಿಸ್ಕ್ ಪರೀಕ್ಷೆಗೆ ಇಳಿದು ನೀಲಿ ಪರದೆಯಲ್ಲಿ ಹತ್ತು ಸೆಕೆಂಡು ಎಣಿಸತೊಡಗಿದರೆ ಕೂಡಲೇ ಯಾವುದಾದರೊಂದು ಕೀಲಿ ಒತ್ತಿ ತಡೆಯಿರಿ.

ಅಂಗಡಿಗೆ ಕೊಡಲೇಬೇಕಾದರೆ “ಮೂಲ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು, ಮುಚ್ಚಳ ತೆರೆಯಬಾರದು” ಎಂದು ರಸೀದಿಯಲ್ಲೇ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿ. ಭಾವನವರ ರಸೀದಿಯಲ್ಲಿ ಇದ್ದದ್ದು “ಹೆಚ್‌ಡಿಡಿ ಸರ್ವಿಸ್” ಎಂಬ ಎರಡೇ ಪದ. ಆ ಎರಡು ಪದ ತೋರಿಸಿಯೇ ಅಂಗಡಿಯವರು ಶುಲ್ಕವನ್ನೂ ಹಿಂತಿರುಗಿಸಲಿಲ್ಲ.